ತಿಂದ್ ನೋಡು: ಜಪಾನೀಸ್ ಕಲಿಯೋಕೆ ಹೋಗಿ ಎರಡು ಮಾರ್ಕ್ಸಲ್ಲಿ ಬಿದ್ದ ಕಥೆ

ಮೊದಲೇ ಹೇಳ್ಬಿಡ್ತೀನಿ, ನಾನು ಪಾಸಾಗಿಲ್ಲ. ಆರು ತಿಂಗಳಲ್ಲಿ ಜಪಾನೀಸ್ ಕಲಿಯೋದು ಹೇಗೆ ಅಂತ ಯಾರಾದ್ರೂ ಟಿಪ್ಸ್ ಹುಡುಕ್ಕೊಂಡು ಬಂದಿದ್ರೆ ಇಲ್ಲಿ ಸಿಗಲ್ಲ. ಮೇಷ್ಟ್ರಿಲ್ಲ, ಕ್ಲಾಸಿಲ್ಲ, ಹಾಸ್ಟೆಲ್ ರೂಮಲ್ಲಿ ಕೂತು ಒಂದು ಪರದೇಶದ ಭಾಷೆ ಕಲಿಯೋಕೆ ಹೊರಟರೆ ಏನೇನಾಗತ್ತೆ, ಅದರಲ್ಲೂ ಕನ್ನಡದವಳಿಗೆ ಏನಾಗತ್ತೆ ಅಂತ ಬರೆದಿಡೋಣ ಅನ್ಸ್ತು, ಅಷ್ಟೆ.

ನಾನು ಮೈಸೂರಲ್ಲಿ, ಮಾನಸಗಂಗೋತ್ರೀಲಿ ಎಂಎಸ್ಸಿ ಮಾಡ್ತಿದೀನಿ. ಊರು ತಿಪಟೂರು ಹತ್ರ. ಜಪಾನೀಸ್ ಯಾಕೆ ಅಂತ ಎಲ್ರೂ ಕೇಳ್ತಾರೆ. ಮನೇಲಿ ಹೇಳಿದ್ದು, ಜಪಾನ್ ಸರ್ಕಾರದ ಸ್ಕಾಲರ್‌ಶಿಪ್ ಇದೆ, ಪಿಎಚ್‌ಡಿಗೆ ಹೋಗ್ಬೋದು, ಭಾಷೆ ಬಂದ್ರೆ ಅನುಕೂಲ ಅಂತ. ಅದು ಸುಳ್ಳೇನಲ್ಲ. ಆದ್ರೆ ನಿಜವಾದ ಕಾರಣ 2020ರ ಲಾಕ್‌ಡೌನಲ್ಲಿ ಪಿಯುಸಿ ಆನ್‌ಲೈನ್ ಕ್ಲಾಸ್ ಮ್ಯೂಟ್ ಮಾಡಿ ನೋಡಿದ ಅನಿಮೆ, ಅಂದ್ರೆ ಜಪಾನಿನ ಕಾರ್ಟೂನ್. ಸಬ್‌ಟೈಟಲ್ ಓದೋ ಮುಂಚೆನೇ ಒಂದೊಂದು ಪದ ಅರ್ಥ ಆಗೋಕೆ ಶುರುವಾದಾಗ ಒಂಥರಾ ಖುಷಿ ಆಗೋದು, ಅದೇ ಚಟ ಆಯ್ತು. ಕ್ಲಾಸಿಗೆ ಸೇರೋಣ ಅಂದ್ರೆ ಲ್ಯಾಬ್ ಮುಗಿಯೋದೇ ಸಂಜೆ ಐದಾದ್ಮೇಲೆ, ದುಡ್ಡೂ ಇರ್ಲಿಲ್ಲ. ಸರಿ, ನಾನೇ ಕಲೀತೀನಿ ಅಂತ 2024ರ ಜೂನಲ್ಲಿ ಒಂದು ಹೊಸ ನೋಟ್‌ಬುಕ್ ತಗೊಂಡು ಮೊದಲ ಪುಟದಲ್ಲಿ ಟೈಮ್‌ಟೇಬಲ್ ಬರೆದೆ. ಬೆಳಿಗ್ಗೆ 5:30ಕ್ಕೆ ಏಳೋದು ಅಂತ ಇತ್ತು ಅದರಲ್ಲಿ. ಆ ಟೈಮ್‌ಟೇಬಲ್ ನಾಲ್ಕು ದಿನ ಬದುಕಿತ್ತು.

ಅಕ್ಷರ ಕಲಿಯೋದು ಮಾತ್ರ ಸಲೀಸಾಯ್ತು. ಹಿರಗಾನ ಅನ್ನೋ ಅಕ್ಷರಮಾಲೇಲಿ 46 ಮೂಲ ಅಕ್ಷರ, ಕತಕಾನ ಅನ್ನೋ ಇನ್ನೊಂದರಲ್ಲೂ ಅಷ್ಟೇ. ಎಲ್ರೂ ಚಾರ್ಟ್ ಅಂಟಿಸ್ಕೊಂಡು ಬಾಯಿಪಾಠ ಹೊಡೀತಾರೆ, ನಾನೂ ಅಂಟಿಸ್ದೆ, ಅಂಟಿಸಿ ಎರಡು ನಿಮಿಷ ನೋಡ್ತಿದ್ದ ಹಾಗೆ ಇದೇನಿದು ನಮ್ಮ ವರ್ಣಮಾಲೆ ತರಾನೇ ಇದ್ಯಲ್ಲ ಅನ್ನಿಸ್ತು. ಸಾಲುಗಳು ಹೀಗೆ ಹೋಗತ್ತೆ: ಅ, ಕ, ಸ, ತ, ನ, ಹ, ಮ, ಯ, ರ, ವ. ಆಮೇಲೆ ಓದಿದಾಗ ಗೊತ್ತಾಯ್ತು, ಇದು ಕಾಕತಾಳೀಯ ಅಲ್ವೇ ಅಲ್ಲ, ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರ ಓದೋಕೆ ಸಿದ್ಧಂ ಅನ್ನೋ ಭಾರತದ ಹಳೇ ಲಿಪಿ ಕಲಿತು ಆ ಕ್ರಮಾನೇ ತಮ್ಮ ಅಕ್ಷರಕ್ಕೂ ಹಾಕ್ಕೊಂಡಿದ್ದು. ಚ ಇರಬೇಕಾದ ಜಾಗದಲ್ಲಿ ಸ ಇದೆ, ಪ ಇರಬೇಕಾದ ಜಾಗದಲ್ಲಿ ಹ ಇದೆ. ಹ ಅನ್ನೋದು ಹಳೇ ಜಪಾನೀಸಲ್ಲಿ ಪ ಆಗಿತ್ತಂತೆ. ಪಾಲು ಹಾಲು ಆಗಿದ್ದು, ಪೂ ಹೂ ಆಗಿದ್ದು ಹೈಸ್ಕೂಲಲ್ಲಿ ಓದಿರೋರಿಗೆ ಇದನ್ನ ಯಾರೂ ಬಿಡಿಸಿ ಹೇಳೋದು ಬೇಡ. ಹತ್ತು ದಿನದಲ್ಲಿ ಎರಡೂ ಅಕ್ಷರಮಾಲೆ ಬಂತು. ವಾರದ ದಿನಗಳೂ ಹಂಗೇ, ಭಾನುವಾರಕ್ಕೆ ಸೂರ್ಯ, ಸೋಮವಾರಕ್ಕೆ ಚಂದ್ರ, ಮಂಗಳವಾರಕ್ಕೆ ಬೆಂಕಿ, ಅವರ ಮಂಗಳ ಗ್ರಹದ ಹೆಸರಲ್ಲೂ ಅದೇ ಬೆಂಕಿ. ಅದೂ ಬೌದ್ಧ ಜ್ಯೋತಿಷ್ಯದ ದಾರೀಲೇ ಅಲ್ಲಿಗೆ ಹೋಗಿದ್ದು.

ಇಷ್ಟಾದ್ಮೇಲೆ ನಾನು ದೊಡ್ಡ ಬುದ್ಧಿವಂತೆ ಅನ್ಕೊಂಡೆ. ಆಮೇಲಿನ ಮೂರು ತಿಂಗಳು ಬರೀ ಗೋಳು.

ಒಂದು ಆ್ಯಪ್ ಹಾಕ್ಕೊಂಡಿದ್ದೆ, ದಿನಾ ಹತ್ತು ನಿಮಿಷ ಒತ್ತಿದ್ರೆ ಬೆಂಕಿ ಚಿತ್ರ ಬಂದು ಇಷ್ಟು ದಿನ ಆಯ್ತು ಅಂತ ತೋರಿಸೋದು. ಎಂಬತ್ತು ಚಿಲ್ಲರೆ ದಿನ ತಪ್ಪಿಸ್ಲಿಲ್ಲ. ಬಸ್ಸಲ್ಲಿ, ಮೆಸ್ ಕ್ಯೂನಲ್ಲಿ, ಒಂದ್ಸಲ ರಾತ್ರಿ 11:57ಕ್ಕೆ ಎದ್ದು ಕೂತು ಒತ್ತಿದೀನಿ. ಅದು ನಾಲ್ಕು ಪದ ಕೊಟ್ಟು ಜೋಡಿಸು ಅನ್ನತ್ತೆ, ನಾವು ಜೋಡಿಸ್ತೀವಿ, ಶಭಾಷ್ ಅನ್ನತ್ತೆ. ಪದ ಕೊಡದೆ ನೀನೇ ಒಂದು ವಾಕ್ಯ ಹೇಳು ಅಂದಿದ್ರೆ ನನ್ನ ಬಾಯಲ್ಲಿ ಸೇಬು ಕೆಂಪಗಿದೆ ಅನ್ನೋದು ಬಿಟ್ಟು ಬೇರೇನೂ ಬರ್ತಿರ್ಲಿಲ್ಲ. ಇನ್ನೊಂದು, ಅಂಕಿ (Anki) ಅನ್ನೋ ಫ್ಲ್ಯಾಶ್‌ಕಾರ್ಡ್ ಸಾಫ್ಟ್‌ವೇರ್. ಅದು ಒಳ್ಳೇದೇ, ತಪ್ಪು ನಂದು. ದಿನಕ್ಕೆ 20 ಹೊಸ ಕಾರ್ಡ್ ಅಂತ ಅದೇ ಸೆಟ್ ಆಗಿರತ್ತೆ, ನಾನು ಉತ್ಸಾಹದಲ್ಲಿ 50 ಮಾಡ್ದೆ. ಇವತ್ತು ನೋಡಿದ 50 ನಾಳೆ ಮತ್ತೆ ಬರತ್ತೆ, ಮೂರು ದಿನ ಬಿಟ್ಟು ಬರತ್ತೆ, ವಾರ ಬಿಟ್ಟು ಬರತ್ತೆ, ಬಡ್ಡಿ ಸಾಲ ಇದ್ದಂಗೆ. ಸೆಪ್ಟೆಂಬರಲ್ಲಿ ಇಂಟರ್ನಲ್ಸ್ ಬಂತು, ಒಂಬತ್ತು ದಿನ ತೆಗೀಲಿಲ್ಲ, ತೆಗೆದಾಗ 640 ಕಾರ್ಡ್ ಕಾಯ್ತಾ ಕೂತಿತ್ತು. ನೋಡಿ ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ.

ವ್ಯಾಕರಣದ್ದಂತೂ ಕೇಳ್ಬೇಡಿ. ಪುಸ್ತಕ, ವಿಡಿಯೋ ಎಲ್ಲಾ ಇಂಗ್ಲಿಷಲ್ಲಿ. ಜಪಾನೀಸಲ್ಲಿ ಕ್ರಿಯಾಪದ ಕೊನೇಲಿ ಬರತ್ತೆ, ಇದು ಬಹಳ ವಿಚಿತ್ರ, ನಿಮ್ಮ ತಲೆಯನ್ನ ಉಲ್ಟಾ ತಿರುಗಿಸ್ಕೊಳ್ಳಿ ಅಂತ ವಿಡಿಯೋದವನು ಹೇಳ್ತಾನೆ, ನಾನೂ ಪಾಪದವಳು, ತಿರುಗಿಸ್ಕೊಂಡೆ. ಮೊದಲು ಕನ್ನಡದಲ್ಲಿ ಯೋಚನೆ ಮಾಡಿ, ಅದನ್ನ ಇಂಗ್ಲಿಷಿಗೆ ಮಾಡಿ, ಇಂಗ್ಲಿಷ್ ವಾಕ್ಯಾನ ಹಿಂದುಮುಂದು ಮಾಡಿ ಜಪಾನೀಸಿಗೆ ಹಾಕೋದು. ಎರಡು ಸಲ ಉಲ್ಟಾ ಹೊಡೆದ್ರೆ ಹೊರಟ ಜಾಗಕ್ಕೇ ವಾಪಸ್ ಬರ್ತೀವಿ ಅನ್ನೋ ಸಣ್ಣ ವಿಷಯ ನನ್ನ ತಲೆಗೆ ಹೊಳೀಲಿಲ್ಲ. ಎಂಎಸ್ಸಿ ಬೇರೆ ಓದ್ತಿದೀನಿ.

ಹೊಳೆದಿದ್ದು ದಸರಾ ರಜೇಲಿ, ಊರಲ್ಲಿ, ಅಡುಗೆಮನೇಲಿ. ಅಷ್ಟೊತ್ತಿಗೆ ಡಿಸೆಂಬರಿನ ಜಪಾನೀಸ್ ಪರೀಕ್ಷೆಗೆ ದುಡ್ಡು ಕಟ್ಟಿಯಾಗಿತ್ತು. ನಾನು ಬಾಗಿಲ ಹತ್ರ ಕೂತು ಒಂದು ವ್ಯಾಕರಣ ಪಾಠದ ಜೊತೆ ಒದ್ದಾಡ್ತಿದ್ದೆ. ಒಂದು ಕ್ರಿಯಾಪದಕ್ಕೆ ತೆ ಹಚ್ಚಿ ಮುಂದೆ ಮಿರು, ಅಂದ್ರೆ ನೋಡು ಅನ್ನೋ ಪದ ಹಾಕಿದ್ರೆ ಪ್ರಯತ್ನಿಸು ಅನ್ನೋ ಅರ್ಥ ಬರತ್ತಂತೆ, ತಬೆತೆ ಮಿರು. ನೋಡೋದಕ್ಕೂ ಪ್ರಯತ್ನಕ್ಕೂ ಏನು ಸಂಬಂಧ ಅಂತ ಇಂಗ್ಲಿಷಲ್ಲಿ ಅರ್ಧ ಪುಟ ವಿವರಣೆ ಇತ್ತು, ಓದಿದ್ದೇ ಓದಿದ್ದು. ಅಜ್ಜಿ ಸೌಟಲ್ಲಿ ಸ್ವಲ್ಪ ಹುಳಿ ತಗೊಂಡು ಬಂದು ನನ್ನ ಕೈಗೆ ಹಾಕಿ, 'ಉಪ್ಪು ಸಾಕೇನೋ ಒಂಚೂರು ತಿಂದ್ ನೋಡೇ' ಅಂತು.

ತಿಂದು ನೋಡು. ತಬೆತೆ ಮಿತೆ.

ನಾನು ಕೈಯಲ್ಲಿ ಹುಳಿ ಇಟ್ಕೊಂಡು ಹಂಗೇ ಕೂತೆ. ಅಜ್ಜಿ ಏನಾಯ್ತೇ ಖಾರ ಆಯ್ತಾ ಅಂತ ಎರಡು ಸಲ ಕೇಳ್ತು. ನೋಡೋದಕ್ಕೂ ಪ್ರಯತ್ನಕ್ಕೂ ಏನು ಸಂಬಂಧ ಅಂತ ನಮ್ಮಜ್ಜಿಗೆ ಯಾರೂ ಅರ್ಧ ಪುಟ ವಿವರಿಸಿಲ್ಲ.

ಅವತ್ತು ರಾತ್ರಿ ಇಂಗ್ಲಿಷ್ ನೋಟ್ಸ್ ಎಲ್ಲಾ ಬದಿಗಿಟ್ಟು ಒಂದು ಹಳೇ ಡೈರೀಲಿ ಕನ್ನಡದಲ್ಲಿ ಬರೆಯೋಕೆ ಶುರು ಮಾಡ್ದೆ. ತಬೆತೆ ಶಿಮತ್ತ, ತಿಂದು ಬಿಟ್ಟೆ. ಇಂಗ್ಲಿಷ್ ಪುಸ್ತಕ ಇದಕ್ಕೆ ವಿಷಾದ ಅಥವಾ ಪೂರ್ಣತೆ ಅಂತ ಎರಡು ಅರ್ಥ ಕೊಟ್ಟು ಎರಡು ಪಾಠ ಮಾಡಿತ್ತು, ಅಯ್ಯೋ ತಿಂದ್‌ಬಿಟ್ನಲ್ಲ ಅನ್ನೋದು ಮತ್ತೆ ಎಲ್ಲಾ ತಿಂದ್‌ಬಿಡು ಅನ್ನೋದು ನಮ್ಮಲ್ಲಿ ಒಂದೇ ಬಿಡು ತಾನೆ. ಕೈತೆ ಕುರೆರು, ಬರೆದು ಕೊಡು. ಕತ್ತೆ ಒಕು, ಕೊಂಡು ಇಟ್ಟಿರು. ಕತ್ತೆ ಕಿತೆ, ಕೊಂಡು ಬಾ. ಹೌದು, ಕೊಂಡು ಅನ್ನೋದಕ್ಕೆ ಅವರು ಕತ್ತೆ ಅಂತಾರೆ, ನನ್ನ ತಮ್ಮ ಈ ಒಂದು ಪದ ಮಾತ್ರ ಚೆನ್ನಾಗಿ ಕಲಿತಿದಾನೆ, ಅಂಗಡಿಗೆ ಹೋಗು ಅಂದಾಗೆಲ್ಲ ನನ್ನನ್ನ ಕತ್ತೆ ಕತ್ತೆ ಅಂತಾನೆ. ಮನೆಯಿಂದ ಹೊರಡೋವಾಗ ಜಪಾನಿನವರು ಇತ್ತೆ ಕಿಮಸು ಅಂತಾರೆ, ಹೋಗಿ ಬರ್ತೀನಿ. ಹೋಗ್ತೀನಿ ಅಂತ ಅಷ್ಟೇ ಹೇಳಿದ್ರೆ ನಮ್ಮಮ್ಮ ಬಯ್ಯತ್ತಲ್ಲ, ಹಂಗೆ.

ಒಂದು ವಾರ ಇದೇ ಹುಚ್ಚು. ಯಾರೋ ಅನ್ನೋದು ದಾರೆಕ, ಯಾರೂ ಅನ್ನೋದು ದಾರೆಮೊ, ಏನೋ ಅನ್ನೋದು ನಾನಿಕ, ಏನೂ ಅನ್ನೋದು ನಾನಿಮೊ. ಓ ಹಾಕೋ ಕಡೆ ಕ, ಊ ಹಾಕೋ ಕಡೆ ಮೊ, ಮುಗೀತು. ನಾನೂ ಅನ್ನೋದು ವತಾಶಿ ಮೊ. ನಾಳೆ ಮಳೆ ಬರತ್ತೆ ಅಂತ ಅಂದ್ಕೋತೀನಿ ಅನ್ನೋದನ್ನ ಪದಕ್ಕೆ ಪದ ಹಾಕಬಹುದು, ಅಶಿತ ಅಮೆ ಗ ಫುರು ತೊ ಒಮೊಇಮಸು, ಆ ತೊ ಇದ್ಯಲ್ಲ ಅದು ನಮ್ಮ ಅಂತ. ನಿನ್ನೆ ಕೊಂಡ ಪುಸ್ತಕ ಅನ್ನೋದು ಕಿನೋ ಕತ್ತ ಹೊನ್, ನಡುವೆ ಯಾವ ಕೊಂಡಿ ಪದಾನೂ ಬೇಡ, ನಾಮಪದದ ಹಿಂದೆ ಇಡೀ ಕಥೆ ಹೇಳಬಹುದು. ಇಬ್ಬರ ತನಕ ವಿಶೇಷ ಪದ, ಹಿತೊರಿ ಒಬ್ಬರು, ಫುತಾರಿ ಇಬ್ಬರು, ಆಮೇಲೆ ಸನ್ನಿನ್, ಮೂರು ಜನ. ನಾವೂ ಮನೇಲಿ ಒಬ್ಬರು ಇಬ್ಬರು ಮೂರು ಜನ ಅಂತ ತಾನೆ ಎಣಿಸೋದು. ಕೊರೆ ಸೊರೆ ಅರೆ ಅಂತ ಮೂರು ಥರ ತೋರಿಸ್ತಾರೆ, ನಮಗೆ ಈಗ ಇದು ಅದು ಎರಡೇ, ಹಳಗನ್ನಡದಲ್ಲಿ ನಡುವಿನದಕ್ಕೆ ಉದು ಅಂತ ಇತ್ತು.

ನಂಗೆ ಅತಿ ಇಷ್ಟ ಆಗಿದ್ದು ಕಿಕು ಅನ್ನೋ ಪದ. ಇದಕ್ಕೆ ಎರಡು ಅರ್ಥ, ಹಾಡು ಕೇಳೋದು ಮತ್ತೆ ಪ್ರಶ್ನೆ ಕೇಳೋದು. ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆ ಎಚ್ಚರಿಕೆ ಚಿಹ್ನೆ ಹಾಕಿ ಸಂದರ್ಭ ನೋಡಿ ಅರ್ಥ ಮಾಡ್ಕೊಳ್ಳಿ ಅಂತ ಬರೆದಿದ್ರು. ನಾನು ಜೂನಲ್ಲಿ ಇದನ್ನ ಎರಡು ಬೇರೆ ಬೇರೆ ಕಾರ್ಡ್ ಮಾಡಿ ಎರಡು ಸಲ ಬಾಯಿಪಾಠ ಮಾಡಿದ್ದೆ! ಕೇಳು ಅಂತ ಒಂದು ಪದ ಬರೆದಿದ್ರೆ ಆಗೋದು. ಅಷ್ಟೇ ಅಲ್ಲ, ಕಿಕು ಕೇಳು ಆದ್ರೆ ಕಿಕೊಎರು ಕೇಳಿಸು, ಮಿರು ನೋಡು ಆದ್ರೆ ಮಿಎರು ಕಾಣಿಸು. ನಾವು ಕಿವಿ ಕೊಡದೇ ತಾನಾಗೇ ಕಿವಿಗೆ ಬೀಳೋದಕ್ಕೆ ಬೇರೆ ಪದ. ಡೋಕಿಡೋಕಿ ಅಂದ್ರೆ ಎದೆ ಡವಡವ, ಕಿರಕಿರ ಅಂದ್ರೆ ಮಿಣಮಿಣ, ಗೊರೊಗೊರೊ ಅಂದ್ರೆ ಗುಡುಗಿನ ಗುಡುಗುಡು, ಹೊಟ್ಟೆ ಪೆಕೊಪೆಕೊ ಅಂದ್ರೆ ಚುರುಚುರು. ಇಂಥವನ್ನ ಇಂಗ್ಲಿಷ್ ಮಕ್ಕಳು ಹೇಗೆ ಕಲೀತಾರೋ ಪಾಪ.

ನಮ್ಮ ಸೀನಿಯರ್ ಒಬ್ರು ಇದನ್ನೆಲ್ಲ ಕೇಳಿ, ಹಂಗಾದ್ರೆ ಜಪಾನೀಸೂ ನಮ್ಮ ದ್ರಾವಿಡ ಭಾಷೇನೇ ಅಂದ್ರು. ಓನೊ ಸುಸುಮು ಅಂತ ಜಪಾನಿನ ಭಾಷಾತಜ್ಞರು ತಮಿಳಿಗೂ ಜಪಾನೀಸಿಗೂ ನೆಂಟಸ್ತನ ಇದೆ ಅಂತ ಬಹಳ ವರ್ಷ ವಾದ ಮಾಡಿದ್ರು, ಉಳಿದ ಹೆಚ್ಚಿನ ತಜ್ಞರು ಒಪ್ಪಲಿಲ್ಲ. ಒಂದೇ ಥರ ವಾಕ್ಯ ಕಟ್ಟೋ ಭಾಷೆಗಳು ಜಗತ್ತಲ್ಲಿ ಬೇಕಾದಷ್ಟಿವೆ, ಎಲ್ಲಾ ಅಣ್ಣ ತಮ್ಮಂದಿರೇ ಆಗ್ಬೇಕಿಲ್ಲ. ನಂಗೆ ಸಂಬಂಧ ಬೇಕಾಗಿರ್ಲಿಲ್ಲ, ಅನುಕೂಲ ಸಾಕಿತ್ತು.

ರಜೆ ಮುಗಿಸಿ ಹಾಸ್ಟೆಲಿಗೆ ಬಂದ್ಮೇಲೆ ಮೂರು ಜನ ಆದ್ವಿ. ನಾನು, ನನ್ನ ರೂಮ್‌ಮೇಟ್, ಮತ್ತೆ ಮೇಲಿನ ಮಹಡಿಯ ಕೇರಳದ ಹುಡುಗಿ. ಮಂಗಳವಾರ ಗುರುವಾರ ರಾತ್ರಿ ಒಂಬತ್ತಕ್ಕೆ ಟೆರೇಸ್ ಮೆಟ್ಟಿಲಲ್ಲಿ ಕೂರೋದು. ರೂಮ್‌ಮೇಟ್ ಕೆ-ಸೆಟ್ (ಲೆಕ್ಚರರ್ ಆಗೋಕೆ ಬರೆಯೋ ಅರ್ಹತಾ ಪರೀಕ್ಷೆ) ಓದ್ಬೇಕು ಅಂತ ಮೂರನೇ ವಾರಕ್ಕೇ ಬಿಟ್ಲು, ಅವಳಿಗೆ ಅಕ್ಷರ ಬರೆಯೋದು ಮಾತ್ರ ಇಷ್ಟ ಇತ್ತು, ನಮ್ಮಿಬ್ರಿಗಿಂತ ಚಂದ ಬರೀತಿದ್ಲು. ಮಲಯಾಳಿ ಹುಡುಗಿ ಉಳಿದ್ಲು, ಅವಳಿಂದ ನಂಗೆ ದೊಡ್ಡ ಉಪಕಾರ ಆಯ್ತು. ಕೊಡು ಅನ್ನೋದಕ್ಕೆ ಜಪಾನೀಸಲ್ಲಿ ಎರಡು ಪದ, ಬೇರೆಯವರಿಗೆ ಕೊಟ್ರೆ ಅಗೆರು, ನಂಗೆ ಯಾರಾದ್ರೂ ಕೊಟ್ರೆ ಕುರೆರು. ನಾನು ಯಾವಾಗ್ಲೂ ಉಲ್ಟಾ ಹೇಳೋದು. ಕನ್ನಡದ ಡೈರೀಲಿ ಎರಡಕ್ಕೂ ಕೊಡು ಅಂತ ಬರೆದ್ರೆ ಏನೂ ಪ್ರಯೋಜನ ಆಗ್ತಿರ್ಲಿಲ್ಲ. ಅವಳು ನೋಡಿ ನಕ್ಕು, ಇದು ನಮ್ಮಲ್ಲಿ ಇದೆ, ನಂಗೆ ಕೊಟ್ರೆ ತನ್ನು, ಅವನಿಗೆ ಕೊಟ್ರೆ ಕೊಡುತ್ತು ಅಂದ್ಲು. ಅವಳಿಗೆ ಇದು ಪಾಠಾನೇ ಅಲ್ಲ. ನಮ್ಮ ತಾ ಅನ್ನೋದು ತರೋದಕ್ಕೆ ಮಾತ್ರ ಸೀಮಿತ ಆಗಿ ಕೂತಿದೆ, ಅವರಲ್ಲಿ ಅದೇ ಕೊಡೋ ಕೆಲಸ ಮಾಡ್ತಿದೆ. ಅವತ್ತಿಂದ ನಾನು ಕುರೆರು ಪಕ್ಕ ಮಲಯಾಳಂ ಪದಾನೇ ಬರ್ಕೊಂಡಿದೀನಿ, ಒಂದು ಸಲಾನೂ ತಪ್ಪಿಲ್ಲ.

ಕನ್ನಡ ಎಲ್ಲಾ ಕಡೆ ಕೈ ಹಿಡೀತು ಅಂತಲ್ಲ. ಲೈಬ್ರರೀಲಿ ಇದೀನಿ ಅನ್ನೋಕೆ ನಿ, ಲೈಬ್ರರೀಲಿ ಓದ್ತೀನಿ ಅನ್ನೋಕೆ ದೆ, ನಮಗೆ ಎರಡೂ ಅಲ್ಲಿ. ವ ಮತ್ತು ಗ ಅಂತ ಎರಡು ಪ್ರತ್ಯಯ ಇದೆ, ಇವತ್ತಿಗೂ ನಂಗೆ ಅದು ಅದೃಷ್ಟದ ಆಟ. ದುಬಾರಿ ಆಗಿತ್ತು ಅನ್ನೋದನ್ನ ನಾನು ತಕೈ ದೆಶಿತ ಅಂತ ತಿಂಗಳುಗಟ್ಟಲೆ ಹೇಳಿದೀನಿ, ಅವರಲ್ಲಿ ಗುಣವಾಚಕಾನೇ ಕಾಲಕ್ಕೆ ತಕ್ಕಂತೆ ರೂಪ ಬದಲಾಯಿಸತ್ತೆ, ತಕಕತ್ತ ಅನ್ಬೇಕು. ಮೇಷ್ಟ್ರಿದ್ದಿದ್ರೆ ಮೊದಲ ದಿನಾನೇ ಕಿವಿ ಹಿಂಡ್ತಿದ್ರು. ಒಬ್ಬಳೇ ಕಲಿಯೋದರ ದೊಡ್ಡ ತೊಂದರೆ ಇದೇ, ತಪ್ಪು ಮಾಡ್ತಿದೀನಿ ಅಂತ ಗೊತ್ತಾಗೋಕೆ ಆ ತಪ್ಪು ಇನ್ನೊಬ್ಬರ ಕಿವಿಗೆ ಬೀಳ್ಬೇಕು.

ಆ ಕಿವಿ ಸಿಕ್ಕಿದ್ದು ನವೆಂಬರಲ್ಲಿ, ಭಾಷೆ ವಿನಿಮಯ ಮಾಡ್ಕೊಳ್ಳೋ ಒಂದು ಕಡೆ. ಒಸಾಕಾದಲ್ಲಿ ಓದೋ ಹುಡುಗಿ, ಅವಳಿಗೆ ಇಂಗ್ಲಿಷ್ ಬೇಕು, ನಂಗೆ ಜಪಾನೀಸ್ ಬೇಕು, ಅರ್ಧ ಗಂಟೆ ಅದು ಅರ್ಧ ಗಂಟೆ ಇದು ಅಂತ ಒಪ್ಪಂದ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ನಮ್ಮ ಸಂಜೆ 5:30 ಅವರ ರಾತ್ರಿ ಒಂಬತ್ತು. ಲ್ಯಾಬಿಂದ ಓಡಿ ಬಂದು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ಇಯರ್‌ಫೋನ್ ಹಾಕ್ಕೊಳ್ಳೋದು, ಹಾಸ್ಟೆಲಲ್ಲಿ ಆ ಹೊತ್ತಿಗೆ ನೆಟ್‌ವರ್ಕೂ ಇರಲ್ಲ ನಾಚಿಕೆ ಬೇರೆ.

ಮೊದಲ ಕಾಲ್‌ನಲ್ಲಿ ಅವಳು ಮಾತಾಡ್ತಿದ್ಲು, ನಾನು ಉಸಿರು ಬಿಡದೆ ಕೇಳಿಸ್ಕೊಳ್ತಿದ್ದೆ, ಒಂದು ಪದಾನೂ ತಪ್ಪಿಹೋಗಬಾರ್ದು ಅಂತ. ಅವಳು ಮಧ್ಯೆ ಮಧ್ಯೆ ನಿಲ್ಲಿಸಿ ಕಿಕೊಎಮಸು ಕ ಅನ್ನೋಳು, ಕೇಳಿಸ್ತಿದ್ಯಾ. ಹೌದು ಅಂತಿದ್ದೆ. ಎರಡು ನಿಮಿಷ ಬಿಟ್ಟು ಮತ್ತೆ ಕಿಕೊಎಮಸು ಕ. ನೆಟ್‌ವರ್ಕ್ ಸರಿ ಇಲ್ವೇನೋ ಅಂತ ನಾನು ಜಾಗ ಬದಲಾಯಿಸ್ಕೊಂಡು ಏರಿ ಉದ್ದಕ್ಕೂ ಓಡಾಡ್ದೆ. ಮೂರನೇ ಕಾಲಲ್ಲಿ ಅವಳೇ ಸಂಕೋಚದಿಂದ ಹೇಳಿದ್ಲು, ನೀವು ಏನೂ ಅನ್ನಲ್ಲ, ಬೇಜಾರಾಗ್ತಿದ್ಯೇನೋ ಅಂತ ಭಯ ಆಗತ್ತೆ ಅಂತ. ಜಪಾನೀಸಲ್ಲಿ ಒಬ್ರು ಮಾತಾಡೋವಾಗ ಇನ್ನೊಬ್ರು ನಡುನಡುವೆ ಉನ್, ಏ, ಸೋ ದೆಸು ಕ ಅಂತಾ ಇರ್ಬೇಕು, ಅದಕ್ಕೆ ಐಝುಚಿ ಅಂತಾರೆ. ನಾನು ಇದನ್ನ ಇಂಗ್ಲಿಷ್ ವಿಡಿಯೋದಲ್ಲಿ ನೋಡಿದ್ದೆ, ಅವರು ಅದನ್ನ ಜಪಾನಿನ ಸಂಸ್ಕೃತಿಯ ದೊಡ್ಡ ರಹಸ್ಯದ ಥರ ಹೇಳಿದ್ರು. ಅಲ್ಲಾ, ಇದು ಹೂಂಗುಟ್ಟೋದು! ಅಜ್ಜಿ ಕಥೆ ಹೇಳೋವಾಗ ಹೂಂ ಅನ್ನದಿದ್ರೆ ಕಥೆ ನಿಂತೇಹೋಗೋದು, ಮಲಗಿದ್ಯೇನೇ ಅಂತ ತಟ್ಟೋದು. ಅಮ್ಮನ ಜೊತೆ ಫೋನಲ್ಲಿ ಅರ್ಧ ಗಂಟೆ ಬರೀ ಹೂಂ, ಹೌದಾ, ಆಮೇಲೆ, ಅಯ್ಯೋ ಅಂತ ಕಾಲ ಕಳೆಯೋ ನಾನು ಪರದೇಶದ ಭಾಷೆ ಅಂದ ತಕ್ಷಣ ಕ್ಲಾಸ್‌ರೂಮಲ್ಲಿ ಕೈ ಕಟ್ಟಿ ಕೂತಂಗೆ ಕೂತಿದ್ದೆ. ಮುಂದಿನ ಕಾಲಿಂದ ಅಮ್ಮನ ಜೊತೆ ಮಾತಾಡೋ ಹಂಗೇ ಹೂಂಗುಟ್ಟಿದೆ, ಪದ ಮಾತ್ರ ಅವರದು. ಕಿಕೊಎಮಸು ಕ ನಿಂತೋಯ್ತು.

ಅವಳ ಹತ್ರ ಮಾಡ್ಕೊಂಡ ಎಡವಟ್ಟುಗಳು ಬೇಕಾದಷ್ಟಿವೆ. ಅನಿಮೆ ನೋಡಿ ಕಲಿತ ಒಮಾಎ ಅನ್ನೋ ಪದಾನ ನೀನು ಅನ್ನೋ ಅರ್ಥದಲ್ಲಿ ಬಳಸಿದೆ, ಅವಳು ಬಿದ್ದು ಬಿದ್ದು ನಕ್ಲು, ಅದು ಗಂಡಸರು ಜಗಳಕ್ಕೆ ನಿಂತಾಗ ಲೇ ಅಂದಂಗೆ ಕೇಳಿಸತ್ತಂತೆ. ಸರಿ ಅಂತ ಪುಸ್ತಕದ ಅನಾತ ಬಳಸಿದೆ, ಅದೂ ಮುಖಕ್ಕೆ ಹೇಳಲ್ಲ, ಹೆಸರು ಹೇಳಿ ಸನ್ ಹಚ್ಚಿ ಅಂದ್ಲು. ಸರಿನೇ ಅಲ್ವಾ, ನಾವು ಯಾರನ್ನ ನೀವು ನೀವು ಅಂತೀವಿ, ಅಣ್ಣ ಅಕ್ಕ ಸರ್ ಮೇಡಂ ಅಂತಾನೆ ತಾನೆ. ಇನ್ನೊಂದ್ಸಲ ನಿಮ್ಮಕ್ಕ ಕೆಕ್ಕೊನ್ ಶಿತೆ ಇಮಸು ಕ ಅಂತ ಕೇಳಿದ್ಲು, ನಾನು ಇಂಗ್ಲಿಷ್ ಪುಸ್ತಕದ ಲೆಕ್ಕದಲ್ಲಿ ಮದುವೆ ಆಗ್ತಾ ಇದಾರಾ ಅಂತ ತಿಳ್ಕೊಂಡು ಇಲ್ಲ ಇಲ್ಲ ಇವತ್ತಲ್ಲ, ಎರಡು ವರ್ಷದ ಹಿಂದೇನೇ ಅಂದೆ. ಅವಳು ಅಯ್ಯೋ ಪಾಪ ಅನ್ನೋ ಧ್ವನೀಲಿ ಸುಮ್ನಾದ್ಲು, ಡಿವೋರ್ಸ್ ಅಂದ್ಕೊಂಡಿದ್ಲು. ಅದರ ಅರ್ಥ ಮದುವೆ ಆಗಿದ್ಯಾ ಅಂತ. ಆಗಿ, ಇದೆ. ಆಗಿದೆ. ಕನ್ನಡದಲ್ಲಿ ಬಿಡಿಸಿ ನೋಡಿದ್ರೆ ಕಣ್ಣೆದುರಿಗೇ ಇತ್ತು.

ಈಗ ಪರೀಕ್ಷೆ. ಜೆಎಲ್‌ಪಿಟಿ ಅಂತ, ಜಪಾನೀಸ್ ಎಷ್ಟು ಬರತ್ತೆ ಅಂತ ಅಳೆಯೋ ಪರೀಕ್ಷೆ, ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ ನಡೆಯತ್ತೆ, ಎನ್5ರಿಂದ ಎನ್1ರ ತನಕ ಐದು ಮಟ್ಟ, ಎನ್5 ಎಲ್ಲಕ್ಕಿಂತ ಸುಲಭದ್ದು. ಮಾತಾಡೋದು ಬರೆಯೋದು ಇಲ್ಲ, ಎಲ್ಲಾ ಉತ್ತರದ ವೃತ್ತ ತುಂಬೋದೇ. ನಮಗೆ ಹತ್ರದ ಸೆಂಟರ್ ಬೆಂಗಳೂರು. ಶನಿವಾರ ಸಂಜೆ ಟ್ರೈನಲ್ಲಿ ಹೋಗಿ ಚಿಕ್ಕಮ್ಮನ ಮನೇಲಿ ಉಳ್ಕೊಂಡು 2024ರ ಡಿಸೆಂಬರ್ 1ಕ್ಕೆ ಬರೆದೆ. ನಮ್ಮ ರೂಮಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಂದ ಹಿಡಿದು ತಲೆ ನರೆತ ಒಬ್ಬ ಅಂಕಲ್ ತನಕ ಎಲ್ಲಾ ಥರದವರೂ ಇದ್ರು.

ಮೊದಲು ಪದಗಳಿಗೆ 20 ನಿಮಿಷ, ಹೇಗೋ ಆಯ್ತು. ಆಮೇಲೆ ವ್ಯಾಕರಣ ಮತ್ತು ಓದು ಸೇರಿ 40 ನಿಮಿಷ. ಇಲ್ಲಿ ಸಿಕ್ಕಾಕ್ಕೊಂಡೆ. ಎರಡು ತಿಂಗಳಿಂದ ನಾನು ಜಪಾನೀಸ್ ವಾಕ್ಯಾನೂ ಕನ್ನಡ ಲಿಪೀಲೇ ಬರ್ಕೊಳ್ತಿದ್ದೆ. ಇಂಗ್ಲಿಷ್ ಅಕ್ಷರಕ್ಕಿಂತ ಸಾವಿರ ಪಾಲು ವಾಸಿ, ದೀರ್ಘ ಒತ್ತಕ್ಷರ ಎಲ್ಲಾ ಸರಿಯಾಗಿ ಬರತ್ತೆ, ಒಬಸನ್ ಅಂದ್ರೆ ಅತ್ತೆ ಚಿಕ್ಕಮ್ಮ, ಒಬಾಸನ್ ಅಂದ್ರೆ ಅಜ್ಜಿ, ಕಿತೆ ಬೇರೆ ಕಿತ್ತೆ ಬೇರೆ, ನಮ್ಮ ಲಿಪೀಲಿ ಗೊಂದಲಾನೇ ಇಲ್ಲ. ಅದೇ ಮುಳುವಾಯ್ತು. ಕಿವಿಗೆ ಬಿದ್ರೆ ಅರ್ಥ ಆಗೋ ವಾಕ್ಯ ಕಣ್ಣೆದುರಿಗೆ ಹಿರಗಾನದಲ್ಲಿ ಬಂದಾಗ ಒಂದನೇ ಕ್ಲಾಸಿನ ಮಗು ಥರ ಕಿ...ನೋ...ಕ...ತ್ತ ಅಂತ ಬೆರಳಿಟ್ಟು ಓದ್ತಿದ್ದೆ. ಪದಗಳ ಮಧ್ಯೆ ಜಾಗ ಬಿಟ್ಟಿದ್ರೂ ಓದಿ ಮುಗಿಸೋ ಹೊತ್ತಿಗೆ ಮೊದಲ ಪದ ಮರೆತಿರೋದು. ಕಾಂಜಿ ಬೇರೆ, ಅಂದ್ರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರ, ಭಾನುವಾರ ಅನ್ನೋ ಒಂದೇ ಪದದಲ್ಲಿ ಅದೇ ಚಿತ್ರ ಮೊದಲು ನಿಚಿ ಕೊನೇಲಿ ಬಿ. ಹತ್ತು ನಿಮಿಷ ಇದೆ ಅಂದಾಗ ನಂಗೆ ಮೂರು ಪ್ಯಾಸೇಜ್ ಬಾಕಿ ಇತ್ತು. ಕೊನೇ ಏಳು ಪ್ರಶ್ನೆಗೆ ಎಲ್ಲಾ ಮೂರು ಮೂರು ಅಂತ ತುಂಬಿದೆ.

ಆಮೇಲೆ ಲಿಸನಿಂಗ್, 30 ನಿಮಿಷ, ಒಂದೇ ಸಲ ಹಾಕೋದು. ಅದು ಚೆನ್ನಾಗಾಯ್ತು, ನಿಜ ಹೇಳ್ಬೇಕಂದ್ರೆ ಕೆರೆ ಏರಿ ಮೇಲೆ ಕೂತಂಗಿತ್ತು, ಎರಡು ಸಲ ಹೂಂ ಅಂದುಬಿಟ್ಟೆ, ಪಕ್ಕದ ಅಂಕಲ್ ತಿರುಗಿ ನೋಡಿದ್ರು.

ಜನವರೀಲಿ ರಿಸಲ್ಟ್ ಬಂತು. ಎನ್5ಗೆ 180ಕ್ಕೆ 80 ಬಂದ್ರೆ ಪಾಸು. ನಂಗೆ 83. ಖುಷೀಲಿ ಅಮ್ಮಂಗೆ ಫೋನ್ ಮಾಡ್ಬಿಟ್ಟೆ, ಅಮ್ಮ ಅಜ್ಜಿಗೆ ಹೇಳಿ ಅಜ್ಜಿ ಪಕ್ಕದ ಮನೆಗೆ ಹೇಳಿ ಆಗೋಯ್ತು, ಆಮೇಲೆ ಕೆಳಗೆ ನೋಡಿದ್ರೆ ಫೇಲ್ ಅಂತ ಇದೆ. ಒಟ್ಟು 80 ಬಂದ್ರೆ ಸಾಲದು, ಭಾಷಾಜ್ಞಾನ ಮತ್ತು ಓದು ಸೇರಿ 120ಕ್ಕೆ ಕನಿಷ್ಠ 38, ಲಿಸನಿಂಗಲ್ಲಿ 60ಕ್ಕೆ ಕನಿಷ್ಠ 19 ಬೇರೆ ಬೇರೆ ಬರ್ಬೇಕು. ನಂಗೆ ಲಿಸನಿಂಗಲ್ಲಿ 47. ಓದಿನ ಕಡೆ 36. ಎರಡು ಮಾರ್ಕ್ಸ್. ಮತ್ತೆ ಅಮ್ಮಂಗೆ ಫೋನ್ ಮಾಡಿ ವಿವರಿಸೋಕೆ ಹೋದ್ರೆ, ಪಾಸ್ ಮಾರ್ಕ್ಸಿಗಿಂತ ಮೂರು ಜಾಸ್ತಿ ಬಂದೂ ಫೇಲ್ ಹೆಂಗಾಗ್ತಾರೆ, ನೀನು ಹೋಗಿ ಕೇಳು ಅಂತು. ಕಿಕು ಅನ್ನೋ ಪದ ನೆನಪಾಗಿ ಅಳು ನಗು ಎರಡೂ ಬಂತು. ಪಕ್ಕದ ಮನೆಯವರಿಗೆ ಇವತ್ತಿಗೂ ನಾನು ಪಾಸು.

ಮಲಯಾಳಿ ಹುಡುಗಿ 101 ತಗೊಂಡು ಪಾಸಾದ್ಲು. ಅವಳು ಮೊದಲಿಂದ ನಂಗೆ ಹೇಳ್ತಿದ್ಲು, ಅರ್ಥ ಯಾವ ಭಾಷೇಲಾದ್ರೂ ಬರ್ಕೋ, ಜಪಾನೀಸ್ ಮಾತ್ರ ಜಪಾನೀಸ್ ಅಕ್ಷರದಲ್ಲೇ ಬರಿ ಅಂತ. ನಾನು ಕೇಳಿರ್ಲಿಲ್ಲ, ಡೈರಿ ನೋಡೋಕೆ ಚೆನ್ನಾಗಿತ್ತಲ್ಲ. ಫೆಬ್ರವರೀಲಿ ಹೊಸ ಡೈರಿ ಮಾಡ್ದೆ, ಎಡಗಡೆ ಹಿರಗಾನ ಕಾಂಜಿ, ಬಲಗಡೆ ಕನ್ನಡದ ಅರ್ಥ, ನಡುವೆ ಏನೂ ಇಲ್ಲ. ಹಳೇ ಡೈರಿ ಅವಳಿಗೆ ಕೊಟ್ಟೆ, ಕನ್ನಡ ಕಲೀತೀನಿ ಅಂತಿದ್ಲು. ಕಾರ್ಡ್ ದಿನಕ್ಕೆ ಏಳು ಹೊಸದು, ಎಂಟಲ್ಲ. ಆ್ಯಪ್ ತೆಗೆದುಹಾಕಿದೆ, ಬೆಂಕಿ ಆರಿದ್ದಕ್ಕೆ ಏನೂ ಆಗ್ಲಿಲ್ಲ.

ಜುಲೈಗೆ ಎನ್5 ಹಾಕೋದಾ ಎನ್4 ಹಾಕೋದಾ ಅಂತ ಮೂರು ದಿನ ಮೆಟ್ಟಿಲ ಮೇಲೆ ಚರ್ಚೆ ಆಯ್ತು, ಅವಳು ಎನ್4 ಹಾಕ್ತಿದಾಳೆ, ನಾನು ಎನ್5ನ್ನೇ ಮತ್ತೆ ಹಾಕಿದೀನಿ. ಸದ್ಯಕ್ಕೆ ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯವರು ಸುಲಭ ಜಪಾನೀಸಲ್ಲಿ ಹಾಕೋ ಸುದ್ದೀಲಿ ಒಂದನ್ನ ಟೈಮರ್ ಇಟ್ಟು ಓದೋದು, ಕಾಂಜಿ ಮೇಲೆ ಸಣ್ಣಕ್ಷರದಲ್ಲಿ ಉಚ್ಚಾರ ಕೊಟ್ಟಿರ್ತಾರೆ, ನನ್ನ ಮಟ್ಟಕ್ಕೆ ಅದೂ ಜಾಸ್ತೀನೇ. ಮೊದಲ ದಿನ ನಾಲ್ಕು ಸಾಲಿಗೆ 22 ನಿಮಿಷ ಆಯ್ತು. ನಿನ್ನೆ ಎಲ್ಲೋ ಕರಡಿ ಊರಿಗೆ ಬಂದ ಸುದ್ದಿ, ಒಂಬತ್ತು ನಿಮಿಷ. ಕರಡಿ ಏನಾಯ್ತು ಅನ್ನೋದು ಕೊನೇ ಸಾಲಲ್ಲಿತ್ತು, ಇಡ್ಲಿ ಖಾಲಿ ಆಗತ್ತೆ ಅಂತ ಮೆಸ್ಸಿಗೆ ಓಡಿದೆ.